ಕೋಬಾಲ್ಟ್ ಅಲಗಿನ ಚಾಕು: ಮೆತ್ತಗಿದ್ದೂ ಬೇಗ ಮೊಂಡಾಗದ ಲೋಹ

ಚಾಕು ಕೊಳ್ಳುವ ಹುಚ್ಚಿರುವವರು ಈಗೀಗ ಒಂದು ಸಂಖ್ಯೆಯನ್ನು ತಪ್ಪದೇ ನೋಡುತ್ತಾರೆ. ಅದು ರಾಕ್‌ವೆಲ್ ಗಡಸುತನ. ಸಾಮಾನ್ಯ ಜರ್ಮನ್ ಅಡುಗೆ ಚಾಕುವಿನದ್ದು 56ರ ಆಸುಪಾಸು, ಒಳ್ಳೆಯ ಜಪಾನೀ ಚಾಕುವಿನದ್ದು 60 ದಾಟುತ್ತದೆ. ಸಂಖ್ಯೆ ಜಾಸ್ತಿ ಇದ್ದಷ್ಟೂ ಹರಿತ ಜಾಸ್ತಿ ದಿನ ನಿಲ್ಲುತ್ತದೆ ಅನ್ನೋದು ಲೆಕ್ಕ. ಇದೇ ಲೆಕ್ಕ ಹಿಡಿದು ಕೋಬಾಲ್ಟ್ ಮಿಶ್ರಲೋಹದ ಅಲಗನ್ನು ಅಳೆದರೆ 40ರ ಹತ್ತಿರ ಬರುತ್ತದೆ. ಉಕ್ಕಿನ ಚಾಕು ಅಷ್ಟು ಕಮ್ಮಿ ತೋರಿಸಿದರೆ ಅಂಗಡಿಯವನಿಗೆ ವಾಪಸ್ ಕೊಟ್ಟು ಬರಬಹುದು. ಆದರೆ ಈ ಅಲಗಿನಿಂದ ಹಗ್ಗ ಕೊಯ್ಯುತ್ತಾ ಹೋಗಿ, 60ರ ಎಷ್ಟೋ ಉಕ್ಕುಗಳು ಕೈಚೆಲ್ಲಿದ ಮೇಲೂ ಇದು ಕೊಯ್ಯುತ್ತಲೇ ಇರುತ್ತದೆ.

ಇದು ಹೇಗೆ ಸಾಧ್ಯ ಅಂತ ಗೊತ್ತಾದರೆ ಈ ಲೋಹದ ಗುಣ, ದೋಷ ಎರಡೂ ಒಟ್ಟಿಗೇ ಅರ್ಥವಾಗುತ್ತವೆ. ಯಾಕೆಂದರೆ ಎರಡಕ್ಕೂ ಕಾರಣ ಒಂದೇ.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಂಗಡಿಯಲ್ಲಿ 'ಕೋಬಾಲ್ಟ್' ಅಂತ ಬರೆದ ಚಾಕು ಸಿಕ್ಕರೆ ಅದು ಬಹುಪಾಲು ನಾವಿಲ್ಲಿ ಮಾತಾಡುತ್ತಿರುವ ಚಾಕು ಅಲ್ಲ. ಜಪಾನಿನ ತಕೆಫು ಕಂಪನಿಯ ವಿಜಿ-10 ಅನ್ನೋ ಉಕ್ಕು ಅಡುಗೆ ಚಾಕುಗಳಲ್ಲಿ ಬಹಳ ಜನಪ್ರಿಯ. ಅದರಲ್ಲಿ ಕೋಬಾಲ್ಟ್ ಇದೆ, ಆದರೆ ನೂರಕ್ಕೆ ಸುಮಾರು ಒಂದೂವರೆ ಪಾಲು ಮಾತ್ರ. ಆಸ್ಟ್ರಿಯಾದ ಎನ್690 ಉಕ್ಕಿನಲ್ಲೂ ಅಷ್ಟೇ. ಉಳಿದದ್ದರಲ್ಲಿ ಬಹುಪಾಲು ಕಬ್ಬಿಣ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯೋದಕ್ಕೆ ಒಂದೂವರೆ ಪಾಲು ಸಾಕು, ಅಷ್ಟೇ. ಇವು ಒಳ್ಳೆಯ ಉಕ್ಕುಗಳೇ, ಆದರೆ ಉಕ್ಕುಗಳು.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡಿದವರಿಗೆ ಕೋಬಾಲ್ಟ್ ಬೇರೆ ರೂಪದಲ್ಲಿ ಗೊತ್ತಿರುತ್ತದೆ. ಗಟ್ಟಿ ಸ್ಟೀಲಿಗೆ ತೂತು ಹೊಡೆಯುವ ಕೋಬಾಲ್ಟ್ ಡ್ರಿಲ್ ಬಿಟ್‌ಗಳಲ್ಲಿ ಎಂ35 ದರ್ಜೆಯಾದರೆ ನೂರಕ್ಕೆ 5, ಎಂ42 ಆದರೆ 8 ಪಾಲು ಕೋಬಾಲ್ಟ್. ಅಲ್ಲೂ ಉಳಿದದ್ದು ಕಬ್ಬಿಣವೇ ಜಾಸ್ತಿ. ಇನ್ನು ಲೇತ್ ಮೇಲೆ ಕೂರಿಸುವ ವಿಡಿಯಾ ಟಿಪ್. ತುಮಕೂರು ರಸ್ತೆಯಲ್ಲಿ ಕಾರ್ಖಾನೆ ಇದ್ದ ಕಂಪನಿಯ ಹೆಸರೇ ಬೆಂಗಳೂರಿನ ವರ್ಕ್‌ಶಾಪ್‌ಗಳಲ್ಲಿ ವಸ್ತುವಿನ ಹೆಸರೂ ಆಯಿತು. ಅದು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಿಂದ ಬೆಸೆದು ಮಾಡಿದ್ದು. ಬಹಳ ಗಡಸು, ಆದರೆ ಚಾಕುವಿನಷ್ಟು ತೆಳ್ಳಗೆ ಮಾಡಿದರೆ ಚಟ್ ಅಂತ ಮುರಿಯುತ್ತದೆ.

ಇಲ್ಲಿ ಹೇಳಹೊರಟಿರುವುದು ಕಬ್ಬಿಣ ಹೆಚ್ಚುಕಮ್ಮಿ ಇಲ್ಲವೇ ಇಲ್ಲದ ಅಲಗಿನ ಬಗ್ಗೆ. ಅರ್ಧಕ್ಕಿಂತ ಜಾಸ್ತಿ ಕೋಬಾಲ್ಟ್, ಸುಮಾರು 30 ಪಾಲು ಕ್ರೋಮಿಯಂ, ನಾಲ್ಕೈದು ಪಾಲು ಟಂಗ್‌ಸ್ಟನ್, ಒಂದು ಪಾಲಿನ ಆಸುಪಾಸು ಇಂಗಾಲ. ಈ ಕುಟುಂಬದ ಹೆಸರು ಸ್ಟೆಲೈಟ್. ಚಾಕುಗಳಿಗೆ ಬಳಸಿದ್ದು ಹೆಚ್ಚಾಗಿ ಸ್ಟೆಲೈಟ್ 6ಬಿ ಮತ್ತು ಇಂಗಾಲ ತುಸು ಜಾಸ್ತಿ ಇರುವ 6ಕೆ. ಟ್ಯಾಲೊನೈಟ್ ಅನ್ನೋದೂ 6ಬಿಯ ಹತ್ತಿರದ ನೆಂಟನೇ.

ಇದನ್ನು ಕಂಡುಹಿಡಿದವನು ಎಲ್ವುಡ್ ಹೇನ್ಸ್. ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಅನ್ನೋ ಊರಿನವನು. 1894ರಲ್ಲೇ ಸ್ವಂತ ಮೋಟಾರು ಗಾಡಿ ಓಡಿಸಿ ಹೆಸರಾಗಿದ್ದ ಮನುಷ್ಯ. ಆದರೆ ಓದಿದ್ದು ಲೋಹಗಳ ಬಗ್ಗೆ, ಮನಸ್ಸೆಲ್ಲಾ ಅಲ್ಲೇ. ಹೆಂಡತಿ ಬರ್ತಾ ಊಟದ ಮೇಜಿಗೆ ಕಪ್ಪಾಗದ ಚಾಕು ಚಮಚ ಬೇಕು ಅಂದಳು, ಅದಕ್ಕೆ ಶುರುಮಾಡಿದ ಅನ್ನೋ ಕಥೆ ಇದೆ. ಕಥೆ ಎಷ್ಟು ನಿಜವೋ, ಅವನ ಗುರಿ ತುಕ್ಕು ಹಿಡಿಯದ ಚಾಕು ಆಗಿತ್ತು ಅನ್ನೋದಂತೂ ನಿಜ. 1907ರಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿಸಿದ ಲೋಹಕ್ಕೆ ಪೇಟೆಂಟ್ ಸಿಕ್ಕಿತು. ಆಮೇಲೆ ಅದಕ್ಕೆ ಟಂಗ್‌ಸ್ಟನ್ ಸೇರಿಸಿ ನೋಡಿದಾಗ ಲೋಹ ಇನ್ನಷ್ಟು ಗಡಸಾಯಿತು. 1913ರಲ್ಲಿ ಅದಕ್ಕೂ ಪೇಟೆಂಟ್ ಬಂತು.

ಅಲ್ಲಿಂದ ಕಥೆ ಚಾಕು ಬಿಟ್ಟು ಲೇತಿನ ಕಡೆ ತಿರುಗಿತು. ಸ್ಟೆಲೈಟಿಗೆ ಇದ್ದ ದೊಡ್ಡ ಗುಣ ಏನೆಂದರೆ ಕೆಂಪಗೆ ಕಾದರೂ ಅದು ಮೆತ್ತಗಾಗುವುದಿಲ್ಲ. ಆಗಿನ ಉಕ್ಕಿನ ಟೂಲುಗಳನ್ನು ಜೋರಾಗಿ ಓಡಿಸಿದರೆ ಬಿಸಿಗೆ ಹದ ಕಳೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು, ಫಿರಂಗಿ ಗುಂಡುಗಳನ್ನು ರಾಶಿ ರಾಶಿ ತಿರುಗಿಸಬೇಕಾಯಿತು. ಹೇನ್ಸ್‌ನ ಲೋಹಕ್ಕೆ ಬೇಡಿಕೆಯೋ ಬೇಡಿಕೆ. 1920ರಲ್ಲಿ ಅವನು ಕಂಪನಿಯನ್ನು ಯೂನಿಯನ್ ಕಾರ್ಬೈಡಿಗೆ ಮಾರಿದ. ಚಾಕುವಿಗೆಂದು ಹುಟ್ಟಿದ ಲೋಹ ಎಂಜಿನ್ ವಾಲ್ವ್‌ಗಳ ಮೇಲೆ, ಹಬೆ ಪೈಪಿನ ವಾಲ್ವ್‌ಗಳ ಸೀಟಿನ ಮೇಲೆ, ಗರಗಸದ ಹಲ್ಲುಗಳ ಮೇಲೆ ಕೂತುಬಿಟ್ಟಿತು. ಊಟದ ಚಾಕುವಿನ ಜಾಗಕ್ಕೆ ಅದೇ ಕಾಲದಲ್ಲಿ ಬಂದ ಅಗ್ಗದ ಸ್ಟೇನ್‌ಲೆಸ್ ಸ್ಟೀಲ್ ಬಂತು. ಅಗ್ಗದ್ದೇ ಗೆಲ್ಲೋದು, ಅದರಲ್ಲಿ ಆಶ್ಚರ್ಯ ಏನಿಲ್ಲ.

ಚಾಕು ಮಾಡುವವರು ಈ ಲೋಹದ ಕಡೆ ಮತ್ತೆ ತಿರುಗಿ ನೋಡಿದ್ದು ಬಹಳ ತಡವಾಗಿ. ಅಮೆರಿಕದ ಡೇವಿಡ್ ಬಾಯ್ ಅನ್ನುವವರು ಅಲಗನ್ನು ಬಡಿದು ಮಾಡುವ ಬದಲು ಎರಕ ಹೊಯ್ದು ಮಾಡುತ್ತಿದ್ದರು. ಮೊದಲು ಉಕ್ಕಿನಲ್ಲಿ, ಆಮೇಲೆ ಕೋಬಾಲ್ಟಿನಲ್ಲಿ. ಅವರ ದೋಣಿ ಚಾಕು ಹಾಯಿದೋಣಿಯವರ ನಡುವೆ ಹೆಸರು ಮಾಡಿತು. 1990ರ ದಶಕದ ಕೊನೆಯಲ್ಲಿ ಮೊಂಟಾನಾದ ರಾಬ್ ಸಿಮೊನಿಚ್ ಟ್ಯಾಲೊನೈಟನ್ನು ಚಾಕು ಪ್ರಿಯರ ಮಧ್ಯೆ ಪ್ರಚಾರಕ್ಕೆ ತಂದರು. ಕೆಲವು ವರ್ಷ ಅದೇ ಮಾತು. ಆಮೇಲೆ ಸದ್ದು ತಣ್ಣಗಾಯಿತು. ಯಾಕೆ ಅನ್ನೋದು ಮುಂದೆ ಬರುತ್ತದೆ.

ಈಗ ಗಡಸುತನದ ಒಗಟಿಗೆ ಬರೋಣ. ಉಕ್ಕಿಗೆ ಗಡಸು ಬರುವುದು ಹದ ಕೊಟ್ಟಾಗ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೋ ಎಣ್ಣೆಗೋ ಅದ್ದಿದಾಗ ಒಳಗಿನ ಅಣುಗಳ ಜೋಡಣೆ ಬದಲಾಗಿ ಇಡೀ ಉಕ್ಕು ಬಿಗಿಯಾಗುತ್ತದೆ. ಮಚ್ಚು ಕುಡುಗೋಲು ಮಾಡುವ ನಮ್ಮೂರಿನ ಕಮ್ಮಾರರು ಮಾಡುವುದೂ ಇದನ್ನೇ. ಕೋಬಾಲ್ಟ್ ಮಿಶ್ರಲೋಹಕ್ಕೆ ಈ ಆಟ ನಡೆಯುವುದಿಲ್ಲ. ಕಾಯಿಸಿ ಅದ್ದಿದರೂ ಅದು ಗಡಸಾಗುವುದಿಲ್ಲ. ಅದರ ಬಲ ಬೇರೆ ಕಡೆ ಇದೆ.

ಕರಗಿದ ಲೋಹ ಗಟ್ಟಿಯಾಗುವಾಗ ಇಂಗಾಲವು ಕ್ರೋಮಿಯಂ ಜೊತೆ ಸೇರಿ ಕಾರ್ಬೈಡಿನ ಹರಳುಗಳಾಗುತ್ತದೆ. 6ಬಿಯಲ್ಲಿ ಈ ಹರಳುಗಳು ಒಟ್ಟು ಗಾತ್ರದಲ್ಲಿ ಎಂಟರಲ್ಲೊಂದು ಪಾಲಿನಷ್ಟಿರುತ್ತವೆ. ಉಳಿದದ್ದು ಅವುಗಳನ್ನು ಹಿಡಿದಿಟ್ಟುಕೊಂಡ, ಹೋಲಿಕೆಯಲ್ಲಿ ಮೆತ್ತಗಿನ ಕೋಬಾಲ್ಟ್. ರಾಕ್‌ವೆಲ್ ಯಂತ್ರ ಏನು ಮಾಡುತ್ತದೆ? ವಜ್ರದ ಮೊನೆಯನ್ನು 150 ಕಿಲೋ ಭಾರ ಹಾಕಿ ಒತ್ತುತ್ತದೆ, ಎಷ್ಟು ಆಳ ಇಳಿಯಿತು ಅಂತ ನೋಡುತ್ತದೆ. ಹರಳುಗಳು ಮೆತ್ತಗಿನ ಕೋಬಾಲ್ಟಿನೊಳಗೆ ಒಟ್ಟಿಗೇ ತಳ್ಳಿಸಿಕೊಂಡು ಹೋಗುತ್ತವೆ. ಮೊನೆ ಆಳಕ್ಕೆ ಇಳಿಯುತ್ತದೆ. ಯಂತ್ರ 40 ಅಂತ ಹೇಳುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ಒತ್ತಿದರೆ ಎಷ್ಟು ತಗ್ಗುತ್ತದೆ ಅಂತ ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ. ಉಜ್ಜಿದರೆ ಎಷ್ಟು ಸವೆಯುತ್ತದೆ ಅಂತ ನಾವು ಕೇಳಲೇ ಇಲ್ಲ.

ಹಳೇ ಕಾಂಕ್ರೀಟ್ ರಸ್ತೆ ನೋಡಿ. ಗಾಡಿಗಳು ಓಡಾಡಿ ಮೇಲಿನ ಸಿಮೆಂಟು ಸವೆದುಹೋಗಿರುತ್ತದೆ, ಜಲ್ಲಿಕಲ್ಲು ಮಾತ್ರ ತಲೆ ಎತ್ತಿಕೊಂಡು ನಿಂತಿರುತ್ತದೆ. ಕೋಬಾಲ್ಟ್ ಅಲಗಿನ ಅಂಚಿನಲ್ಲಿ ಆಗುವುದೂ ಇದೇ. ಮೆತ್ತಗಿನ ಕೋಬಾಲ್ಟ್ ಸ್ವಲ್ಪ ಸವೆಯುತ್ತದೆ, ಕಾರ್ಬೈಡಿನ ಹರಳುಗಳು ಹೊರಗೆ ಚಾಚಿಕೊಳ್ಳುತ್ತವೆ. ಅಂಚು ಸವೆದಷ್ಟೂ ಸಣ್ಣ ಸಣ್ಣ ಹಲ್ಲುಗಳು ಹೊಸದಾಗಿ ಮೂಡುತ್ತಾ ಹೋಗುತ್ತವೆ.

ಇನ್ನೊಂದು ವಿಷಯವೂ ಸೇರಿಕೊಳ್ಳುತ್ತದೆ. ಹಗ್ಗ, ರಟ್ಟು, ಗೋಣಿ, ಹಳೇ ಕಾರ್ಪೆಟ್, ಇವೆಲ್ಲಾ ಚಾಕುವಿನ ಶತ್ರುಗಳು. ಕಾರಣ ಅವುಗಳಲ್ಲಿ ಸೇರಿಕೊಂಡ ಮರಳಿನ ಕಣ. ಗಡಸುತನವನ್ನು ಅಳೆಯುವ ಇನ್ನೊಂದು ಮಾಪನ ಇದೆ, ವಿಕರ್ಸ್ ಅಂತ. ಅದರಲ್ಲಿ ಮರಳು ಸಾವಿರಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ರಾಕ್‌ವೆಲ್ 60ರ ಉಕ್ಕು ಸುಮಾರು 700. ಕೋಬಾಲ್ಟ್ ಅಲಗಿನ 40 ಅಂದರೆ 400ರ ಹತ್ತಿರ. ಅಂದರೆ ಮರಳಿನ ಮುಂದೆ ಎರಡೂ ಸೋತವೇ! 700 ಇರಲಿ, 400 ಇರಲಿ, ಮರಳು ಎರಡನ್ನೂ ಗೀರುತ್ತದೆ. ಮರಳಿಗೆ ಎದುರು ನಿಲ್ಲೋದು ಕಾರ್ಬೈಡಿನ ಹರಳು ಮಾತ್ರ, ಅದು 1500ರ ಮೇಲಿದೆ. ಹಾಗಾಗಿ ಇಂಥ ಕೆಲಸದಲ್ಲಿ ಗೆಲ್ಲೋದು ಯಾವ ಅಲಗಿನಲ್ಲಿ ದೊಡ್ಡ, ಗಟ್ಟಿ ಹರಳುಗಳು ಜಾಸ್ತಿ ಇವೆಯೋ ಅದು.

ಇದನ್ನು ಕೈಯಾರೆ ನೋಡಬಹುದು. ತೆಂಗಿನ ನಾರಿನ ಹಗ್ಗದ ತುಂಡನ್ನು ಮಣೆಯ ಮೇಲಿಟ್ಟು ಉಕ್ಕಿನ ಚಾಕುವಿನಿಂದ ಎಳೆದೆಳೆದು ಕೊಯ್ಯುತ್ತಾ ಹೋಗಿ. ಮೊದಮೊದಲು ಒಂದೇ ಎಳೆತಕ್ಕೆ ಹಗ್ಗ ಎರಡಾಗುತ್ತದೆ. ನಿಧಾನಕ್ಕೆ ಅಲಗು ಹಗ್ಗದ ಮೇಲೆ ಜಾರತೊಡಗುತ್ತದೆ, ಕೈ ಜಾಸ್ತಿ ಒತ್ತಬೇಕಾಗುತ್ತದೆ. ಅಂಚನ್ನು ಬೆಳಕಿಗೆ ಹಿಡಿದರೆ ಸಣ್ಣ ಬಿಳಿ ಗೆರೆ ಮಿನುಗುತ್ತದೆ. ಅದು ದುಂಡಗಾದ ಅಂಚು. ಕೋಬಾಲ್ಟ್ ಅಲಗಿನಲ್ಲಿ ಕತೆ ಸ್ವಲ್ಪ ಬೇರೆ. ಕ್ಷೌರದ ಬ್ಲೇಡಿನಂಥ ಮೊದಲ ನಯ ಅದರಲ್ಲೂ ಬೇಗ ಹೋಗುತ್ತದೆ, ಕಾಗದ ಸರಾಗವಾಗಿ ಕೊಯ್ಯುವುದು ನಿಲ್ಲುತ್ತದೆ. ಆದರೆ ಹಗ್ಗ ಸಿಕ್ಕರೆ ಮಾತ್ರ ಗರ್ ಅಂತ ಕಚ್ಚಿ ಹಿಡಿಯುತ್ತದೆ. ಆ ಅರೆಹರಿತದ ಸ್ಥಿತಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಬೆರಳಿಗೆ ಮೊಂಡು ಅನ್ನಿಸಿದರೂ ಕೊಯ್ಯುತ್ತದೆ. ಇದನ್ನು ಮೊದಲ ಸಲ ಬಳಸುವವರು ಬೆರಳು ಸವರಿ ಹರಿತ ನೋಡಿ, ಹೋಗಿಬಿಟ್ಟಿದೆ ಅಂದುಕೊಳ್ಳುವುದು ಸಾಮಾನ್ಯ.

ಎರಕದ ಅಲಗಿಗೂ ಚಪ್ಪಟೆ ಮಾಡಿದ ತಗಡಿನಿಂದ ಕತ್ತರಿಸಿದ ಅಲಗಿಗೂ ವ್ಯತ್ಯಾಸ ಇದೆ. ಎರಕದಲ್ಲಿ ಹರಳುಗಳು ಗಿಡದ ಕೊಂಬೆಗಳ ಹಾಗೆ ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆ ಜಾಲವೇ ಅಂಚಿಗೆ ಹಲ್ಲು ಕೊಡುತ್ತದೆ. ತಗಡಾಗಿ ಎಳೆದಾಗ, ಅಂದರೆ 6ಬಿಯಲ್ಲಿ, ಆ ಕೊಂಬೆಗಳು ಮುರಿದು ಬಿಡಿ ಬಿಡಿ ತುಂಡುಗಳಾಗಿ ಹರಡಿಕೊಳ್ಳುತ್ತವೆ. ಕಚ್ಚುವ ಗುಣ ಸ್ವಲ್ಪ ಕಮ್ಮಿ, ಆದರೆ ಬಡಿತ ತಡೆದುಕೊಳ್ಳುವ ತಾಳಿಕೆ ಜಾಸ್ತಿ. ಎರಕದ ಅಲಗಿನ ತೆಳು ಮೊನೆಯನ್ನು ಸಂದಿಗೆ ತೂರಿಸಿ ಮೀಟಿದರೆ ಮುರಿಯುವ ಸಂಭವ ಇದೆ.

ತುಕ್ಕಿನ ವಿಷಯಕ್ಕೆ ಬಂದರೆ ಈ ಲೋಹಕ್ಕೆ ಎದುರಾಳಿಗಳು ಬಹಳ ಕಮ್ಮಿ. ಸ್ಟೇನ್‌ಲೆಸ್ ಅನ್ನೋ ಉಕ್ಕಿಗೂ ತುಕ್ಕು ಹಿಡಿಯುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ಹೆಸರು ಕೇಳಿ ಮೋಸ ಹೋಗಬಾರದು. ಹರಿತ ನಿಲ್ಲುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ಇಂಗಾಲ ಜಾಸ್ತಿ ಇರುತ್ತದೆ. ಆ ಇಂಗಾಲ ಕ್ರೋಮಿಯಂ ಅನ್ನು ಕಾರ್ಬೈಡಿಗೆಂದು ಕಸಿದುಕೊಳ್ಳುತ್ತದೆ, ತುಕ್ಕಿನಿಂದ ಕಾಪಾಡಲು ಉಳಿಯುವ ಕ್ರೋಮಿಯಂ ಕಮ್ಮಿಯಾಗುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ದೋಣಿ ಇಟ್ಟುಕೊಂಡವರಿಗೆ ಉಪ್ಪುಗಾಳಿ ಕಬ್ಬಿಣವನ್ನು ಏನು ಮಾಡುತ್ತದೆ ಅಂತ ಹೇಳಿಕೊಡಬೇಕಿಲ್ಲ. ಒರೆಸದೆ ಇಟ್ಟ ಚಾಕುವಿನ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ, ಅದನ್ನು ಉಜ್ಜಿದರೆ ಕೆಳಗೆ ಗುಳಿ. ಕಣ್ಣಿಗೆ ಕಾಣದ ಇನ್ನೊಂದು ನಷ್ಟವೂ ಇದೆ. ಅಂಚು ಬಹಳ ತೆಳ್ಳಗಿರುವುದರಿಂದ ಎಲ್ಲಕ್ಕಿಂತ ಮೊದಲು ತಿನ್ನಿಸಿಕೊಳ್ಳುವುದು ಅದೇ. ಚಾಕು ಬಳಸದೇ ಇಟ್ಟರೂ ಮೊಂಡಾಗುತ್ತದೆ.

ಕೋಬಾಲ್ಟ್ ಅಲಗಿನಲ್ಲಿ ತುಕ್ಕು ಹಿಡಿಯಲು ಕಬ್ಬಿಣ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಜೊತೆಗೆ 30 ಪಾಲು ಕ್ರೋಮಿಯಂ ಮೇಲೊಂದು ಗಟ್ಟಿ ಪೊರೆ ಕಟ್ಟುತ್ತದೆ. ಸಮುದ್ರದ ನೀರಲ್ಲಿ ಅದ್ದಿ, ಒರೆಸದೆ ಒರೆಯೊಳಗೆ ತುರುಕಿ, ತಿಂಗಳು ಬಿಟ್ಟು ತೆಗೆದರೂ ಹಾಗೇ ಇರುತ್ತದೆ. ಇದೇ ಜಾತಿಯ ಕೋಬಾಲ್ಟ್ ಕ್ರೋಮಿಯಂ ಲೋಹವನ್ನು ದಂತವೈದ್ಯರು ಹಲ್ಲಿನ ಸೆಟ್ಟಿಗೆ, ಮೂಳೆ ವೈದ್ಯರು ಕೃತಕ ಸೊಂಟದ ಕೀಲಿಗೆ ಬಳಸುತ್ತಾರೆ. ಮೈಯೊಳಗಿನ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇರಬೇಕಲ್ವಾ, ಅದಕ್ಕೆ.

ಅಡುಗೆಮನೆಗೂ ಇದರ ಲಾಭ ಇದೆ. ಬಾಳೆಕಾಯಿ, ಬಾಳೆದಿಂಡು, ಬದನೆಕಾಯಿಯನ್ನು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಬೇಗ ಕಪ್ಪಾಗುವುದು ನೋಡಿರುತ್ತೀರಿ. ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಬಣ್ಣ ಕೆಡುತ್ತದೆ. ಗಾಳಿ ತಗುಲಿ ಕಪ್ಪಾಗುವುದು ಯಾವ ಚಾಕುವಿನಿಂದಲೂ ತಪ್ಪುವುದಿಲ್ಲ, ಆದರೆ ಕಬ್ಬಿಣದ ಪಾಲು ಕೋಬಾಲ್ಟಿನಲ್ಲಿ ಇಲ್ಲ. ನಿಂಬೆಹಣ್ಣು, ಮಾವಿನಕಾಯಿ, ಹುಣಸೆ ಯಾವುದಕ್ಕೂ ಅಲಗು ಜಗ್ಗುವುದಿಲ್ಲ. ಮೈ ನುಣುಪಾಗಿರುವುದರಿಂದ ಕೊಯ್ಯುವಾಗ ಅಂಟಿಕೊಳ್ಳುವುದೂ ಸ್ವಲ್ಪ ಕಮ್ಮಿ. ಆದರೆ ಇಷ್ಟಕ್ಕೇ ಅಷ್ಟು ದುಡ್ಡು ಸುರಿಯುವುದು ಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ತೊಳೆದು ಒರೆಸಿಡುವ ಅಭ್ಯಾಸ ಇದ್ದ ಮನೆಯಲ್ಲಿ ಸಾಧಾರಣ ಸ್ಟೇನ್‌ಲೆಸ್ ಚಾಕು ಇಪ್ಪತ್ತು ವರ್ಷ ಬಾಳುತ್ತದೆ.

ಇನ್ನೊಂದು ವಿಚಿತ್ರ. ಕೋಬಾಲ್ಟ್ ಅಂದರೆ ಅಯಸ್ಕಾಂತದ ಲೋಹ. ಕಬ್ಬಿಣ, ನಿಕ್ಕಲ್ ಜೊತೆ ಅಯಸ್ಕಾಂತಕ್ಕೆ ಅಂಟುವ ಮೂರು ಪರಿಚಿತ ಲೋಹಗಳಲ್ಲಿ ಅದೂ ಒಂದು. ಆದರೆ ಅಷ್ಟೊಂದು ಕ್ರೋಮಿಯಂ ಬೆರೆತ ಮೇಲೆ ಆ ಗುಣ ಹೆಚ್ಚುಕಮ್ಮಿ ಪೂರ್ತಿ ಅಳಿಸಿಹೋಗುತ್ತದೆ. ದೋಣಿಯ ದಿಕ್ಸೂಚಿಯ ಪಕ್ಕ ಇಟ್ಟರೂ ಮುಳ್ಳು ಅಲುಗುವುದಿಲ್ಲ. ಅಡುಗೆಮನೆಯ ಗೋಡೆಗೆ ಹೊಡೆದ ಅಯಸ್ಕಾಂತದ ಪಟ್ಟಿಗೆ ಅಂಟಿಸಲು ಹೋದರೆ ಮಾತ್ರ ಜಾರಿ ಕಾಲ ಮೇಲೆ ಬಿದ್ದೀತು, ಜೋಪಾನ.

ಇನ್ನು ದೋಷಗಳು. ಮೊದಲನೆಯದು, ಮೇಲೆ ಹೊಗಳಿದ ಅದೇ ಮೆತ್ತಗಿನ ಕೋಬಾಲ್ಟ್. ಎಳೆದು ಕೊಯ್ಯುವವರೆಗೆ ಎಲ್ಲಾ ಚೆನ್ನ. ಕುಟ್ಟಿದರೆ, ತಿರುಚಿದರೆ, ಮೂಳೆಗೆ ತಾಗಿಸಿದರೆ ಅಂಚು ಮಡಚಿಕೊಳ್ಳುತ್ತದೆ. ಗಡಸು ಉಕ್ಕಾದರೆ ಚೂರು ಎಗರಿಹೋಗುತ್ತಿತ್ತು, ಇದು ಒಂದು ಪಕ್ಕಕ್ಕೆ ವಾಲುತ್ತದೆ. ತೆಂಗಿನಕಾಯಿ ಒಡೆಯಲು, ಕೋಳಿ ತುಂಡು ಮಾಡಲು, ಕಟ್ಟಿಗೆ ಸೀಳಲು ಇದು ಆಗುವುದಿಲ್ಲ. ಗಟ್ಟಿಮರ ಕೆತ್ತಿದರೂ ಅಂಚು ದಣಿಯುತ್ತದೆ. ಕೆಲವರು ಮಡಚಿಕೊಳ್ಳದಿರಲಿ ಅಂತ ಅಂಚನ್ನು ದಪ್ಪ ಕೋನದಲ್ಲಿ ಸಾಣೆ ಹಿಡಿಯುತ್ತಾರೆ. ಆಗ ಮಡಚುವುದು ಕಮ್ಮಿಯಾಗುತ್ತದೆ, ಕೊಯ್ಯುವ ಸುಖವೂ ಕಮ್ಮಿಯಾಗುತ್ತದೆ.

ಎರಡನೆಯದು, ಕೂದಲು ಸೀಳುವಂಥ ನಯವಾದ ಹರಿತ ಇದಕ್ಕೆ ಒಗ್ಗುವುದಿಲ್ಲ. ಹರಳುಗಳು ದೊಡ್ಡವು. ಅಂಚನ್ನು ತೀರಾ ಸಣ್ಣ ಮಾಡುತ್ತಾ ಹೋದರೆ ಹರಳಿಗಿಂತಲೂ ಅಂಚೇ ತೆಳುವಾಗಿ, ಹಿಡಿದುಕೊಳ್ಳಲು ಸುತ್ತ ಲೋಹ ಸಾಲದೆ ಹರಳು ಕಳಚಿ ಬೀಳುತ್ತದೆ. ಹಸಿ ಮೀನನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುವ ಜಪಾನೀ ಅಡುಗೆಯವರಿಗೆ ಇದು ಹೇಳಿಸಿದ್ದಲ್ಲ. ಆ ಕೆಲಸಕ್ಕೆ ಸಣ್ಣ ಹರಳಿನ, ಬಿಗಿಯಾದ ಇಂಗಾಲದ ಉಕ್ಕೇ ಬೇಕು.

ಸಾಣೆಯ ಬಗ್ಗೆ ಎರಡು ತರಹದ ಮಾತು ಕೇಳಿಬರುತ್ತದೆ. ಬಹಳ ಸುಲಭ ಅನ್ನುವವರೂ ಇದ್ದಾರೆ, ಬಹಳ ಕಷ್ಟ ಅನ್ನುವವರೂ ಇದ್ದಾರೆ. ಇಬ್ಬರದ್ದೂ ಸರಿ. ಮಡಚಿಕೊಂಡ ಅಂಚನ್ನು ನೆಟ್ಟಗೆ ಮಾಡಲು ನಾಲ್ಕು ಸಲ ಎಳೆದರೆ ಸಾಕು, ಕೋಬಾಲ್ಟ್ ಮೆತ್ತಗಿದೆ. ಆದರೆ ನಿಜವಾಗಿ ಲೋಹ ತೆಗೆದು ಹೊಸ ಅಂಚು ಮಾಡಬೇಕಾದರೆ ಹರಳುಗಳು ಅಡ್ಡ ಬರುತ್ತವೆ. ಸಾದಾ ಸಾಣೆಕಲ್ಲು ತಿಣುಕಾಡುತ್ತದೆ. ವಜ್ರದ ಪುಡಿ ಅಂಟಿಸಿದ ಪಟ್ಟಿ ಇದ್ದರೆ ಕೆಲಸ ಹಗುರ. 400ರಿಂದ 600 ಗ್ರಿಟ್‌ನಲ್ಲಿ ನಿಲ್ಲಿಸಿಬಿಡಬೇಕು, ಅದಕ್ಕಿಂತ ನುಣ್ಣಗೆ ಹೋದರೆ ಹಲ್ಲುಗಳನ್ನೇ ಉಜ್ಜಿ ತೆಗೆದಂತೆ. ಒಂದು ಅನುಕೂಲ ಏನೆಂದರೆ ಬೀದಿಯಲ್ಲಿ ಸೈಕಲ್ ಚಕ್ರ ತಿರುಗಿಸಿ ಸಾಣೆ ಹಿಡಿಯುವವರ ಕೈಗೆ ಉಕ್ಕಿನ ಚಾಕು ಕೊಟ್ಟರೆ, ಕಿಡಿ ಹಾರಿ ಅಂಚು ನೀಲಿಯಾಗಿ ಹದವೇ ಸುಟ್ಟುಹೋಗುವ ಭಯ ಇರುತ್ತದೆ. ಕೋಬಾಲ್ಟಿಗೆ ಆ ಭಯ ಇಲ್ಲ. ಹದವೇ ಕೊಟ್ಟಿಲ್ಲ, ಸುಡೋದು ಏನನ್ನು?

ಆದರೆ ಆ ಧೂಳು ಒಳ್ಳೆಯದಲ್ಲ. ಇದನ್ನು ಸ್ವಲ್ಪ ಗಂಭೀರವಾಗಿಯೇ ಹೇಳಬೇಕು. ಕೋಬಾಲ್ಟಿನ ಸಣ್ಣ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಹಾನಿ. ವಿಡಿಯಾ ಟಿಪ್ ಉಜ್ಜುವ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬರುವ ಶ್ವಾಸಕೋಶದ ಕಾಯಿಲೆಯಲ್ಲಿ ಕೋಬಾಲ್ಟಿನ ಪಾತ್ರ ದೊಡ್ಡದು. ಕೋಬಾಲ್ಟ್ ಲೋಹ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಹಾಗಂತ ಚಾಕುವಿನಿಂದ ಹಣ್ಣು ಹೆಚ್ಚಿದರೆ ಕಾಯಿಲೆ ಬರುತ್ತದೆ ಅಂತಲ್ಲ. ಅಪಾಯ ಇರುವುದು ಯಂತ್ರದ ಮೇಲೆ ಉಜ್ಜುವವರಿಗೆ. ಮನೆಯಲ್ಲಿ ನೀರು ಹಾಕಿಕೊಂಡು ಕಲ್ಲಿನ ಮೇಲೆ ಸಾಣೆ ಹಿಡಿದರೆ ಧೂಳು ಏಳುವುದಿಲ್ಲ. ಯಂತ್ರದಲ್ಲಿ ಮಾಡುವುದಾದರೆ ಒಳ್ಳೆಯ ಮಾಸ್ಕ್ ಬೇಕೇ ಬೇಕು, ಕರ್ಚೀಫು ಸಾಲದು. ಇನ್ನು ಕೆಲವರಿಗೆ ಕೋಬಾಲ್ಟ್ ತಾಗಿದರೆ ಚರ್ಮ ಕೆಂಪಗಾಗಿ ಕಡಿತ ಬರುತ್ತದೆ. ನಿಕ್ಕಲ್ ಇರುವ ಒಡವೆ ಆಗದವರಲ್ಲಿ ಇದೂ ಕಂಡುಬರುವುದುಂಟು. ಅಂಥವರು ಈ ಅಲಗಿನಿಂದ ದೂರ ಇರುವುದೇ ಮೇಲು.

ಬೆಲೆ ಯಾಕೆ ಅಷ್ಟೊಂದು ಅನ್ನೋದಕ್ಕೆ ಎರಡು ಕಾರಣ. ಒಂದು ಲೋಹದ್ದೇ ಬೆಲೆ. ಈಗ ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ದಕ್ಷಿಣದ ಗಣಿಗಳದ್ದು, ಕೊಲ್ವೇಜಿಯ ಸುತ್ತಮುತ್ತ. ಮೊಬೈಲ್ ಮತ್ತು ಕಾರಿನ ಬ್ಯಾಟರಿಗಳಿಗೂ ಇದೇ ಕೋಬಾಲ್ಟ್ ಬೇಕು. ಹಾಗಾಗಿ ಬೆಲೆ ಉಯ್ಯಾಲೆ ಆಡುತ್ತಲೇ ಇರುತ್ತದೆ. 2018ರಲ್ಲೂ 2022ರಲ್ಲೂ ಟನ್ನಿಗೆ 80,000 ಡಾಲರ್ ದಾಟಿತ್ತು. 2025ರ ಶುರುವಿಗೆ 25,000ಕ್ಕೂ ಕೆಳಗೆ ಕುಸಿಯಿತು. ಕಾಂಗೋ ಸರ್ಕಾರ ಅದೇ ಫೆಬ್ರವರಿಯಲ್ಲಿ ರಫ್ತನ್ನೇ ನಿಲ್ಲಿಸಿತು, ಬೆಲೆ ಮತ್ತೆ ಏರಿತು. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ ಅನ್ನೋದು ಜಗತ್ತಿಗೇ ಗೊತ್ತಿರುವ ವಿಷಯ. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಚಾಕುವಿನ ಕೋಬಾಲ್ಟಿನ ಬಗ್ಗೆ ಮಾತ್ರ ಮರುಗುವುದು ಸರಿಯಲ್ಲ, ಆದರೆ ಗೊತ್ತಿದ್ದೇ ಕೊಳ್ಳುವುದು ಒಳ್ಳೆಯದು.

ಎರಡನೇ ಕಾರಣ ಮಾಡುವ ಕಷ್ಟ. ಉಕ್ಕಿನ ಚಾಕುವನ್ನು ಹದ ಕೊಡುವ ಮೊದಲು, ಮೆತ್ತಗಿರುವಾಗಲೇ, ಕೊರೆದು ಉಜ್ಜಿ ಆಕಾರಕ್ಕೆ ತಂದುಬಿಡುತ್ತಾರೆ. ಕೋಬಾಲ್ಟ್ ಅಲಗಿನ ಗಡಸು ಹುಟ್ಟಿನಿಂದಲೇ ಅಷ್ಟೇ, ಅದಕ್ಕಿಂತ ಮೆತ್ತಗಿನ ಹಂತ ಅಂತ ಒಂದಿಲ್ಲ. ಸಾಲದ್ದಕ್ಕೆ ಕೊರೆಯಲು ಒತ್ತಿದಷ್ಟೂ ಆ ಜಾಗ ಇನ್ನೂ ಗಟ್ಟಿಯಾಗುತ್ತಾ ಹೋಗುತ್ತದೆ. ಡ್ರಿಲ್ ಬಿಟ್ ಒಂದು ಕ್ಷಣ ಕೊರೆಯದೆ ಸುಮ್ನೆ ಉಜ್ಜಿದರೆ ಸಾಕು, ಮೇಲ್ಮೈ ಬಿಗಿದುಕೊಂಡು ಬಿಟ್‌ಗೇ ಕಂಟಕ. ಹಿಡಿಗೆ ಮೊಳೆ ಹೊಡೆಯುವ ಎರಡು ತೂತು ಮಾಡುವುದಕ್ಕೇ ಕಾರ್ಬೈಡ್ ಬಿಟ್ ಬೇಕು. ಉಜ್ಜುವ ಬೆಲ್ಟುಗಳು ಬೇಗ ಬೇಗ ಸವೆಯುತ್ತವೆ. ಇದೆಲ್ಲಾ ಸೇರಿ ಒಂದು ಚಾಕುವಿನ ಬೆಲೆ ಅದೇ ಅಳತೆಯ ಒಳ್ಳೆಯ ಉಕ್ಕಿನ ಚಾಕುವಿನ ಹಲವು ಪಟ್ಟಾಗುತ್ತದೆ. ಲಾಭ ಒಂದೇ, ಹದ ಹಾಕುವ ಕುಲುಮೆಯ ಕೆಲಸ ಉಳಿಯುತ್ತದೆ.

ಈ ಅಲಗುಗಳ ಸದ್ದು ತಣ್ಣಗಾಯಿತು ಅಂದೆನಲ್ಲ, ಅದಕ್ಕೆ ಬೆಲೆಯೊಂದೇ ಕಾರಣ ಅಲ್ಲ. ಉಕ್ಕು ಮಾಡುವವರು ಸುಮ್ಮನೆ ಕೂರಲಿಲ್ಲ. ತುಕ್ಕಿಗೆ ದಾರಿ ಮಾಡುವುದು ಇಂಗಾಲ ತಾನೇ, ಅದರ ಬದಲು ಸಾರಜನಕ ಹಾಕಿದರೆ ಹೇಗೆ ಅಂತ ಯೋಚಿಸಿದರು. ಜಪಾನಿನ ಎಚ್1 ಉಕ್ಕು ಬಂತು, ಸಮುದ್ರದ ನೀರಿಗೂ ಜಪ್ಪಯ್ಯ ಅನ್ನುವುದಿಲ್ಲ. ಎಲ್‌ಸಿ200ಎನ್ ಬಂತು. ಸಾರಜನಕದ ಉಕ್ಕಾದ ಇದು ತುಕ್ಕಿಗೂ ಬಗ್ಗದು, ರಾಕ್‌ವೆಲ್ 58ರಷ್ಟು ಗಡಸೂ ಹೌದು. 2021ರಲ್ಲಿ ಲ್ಯಾರಿನ್ ಥಾಮಸ್ ಅನ್ನೋ ಲೋಹತಜ್ಞ ರೂಪಿಸಿದ ಮ್ಯಾಗ್ನಾಕಟ್ ಬಂತು. ಅದರಲ್ಲಿ ಕ್ರೋಮಿಯಂ ಕಾರ್ಬೈಡ್ ಹುಟ್ಟದಂತೆ ಲೆಕ್ಕ ಹಾಕಿದ್ದಾರೆ, ಹಾಗಾಗಿ ಇರುವ ಕ್ರೋಮಿಯಂ ಎಲ್ಲಾ ತುಕ್ಕು ತಡೆಯಲಿಕ್ಕೇ ಸಿಗುತ್ತದೆ. ಹರಿತ ನಿಲ್ಲಿಸಲು ಸಣ್ಣ ಸಣ್ಣ ವನೇಡಿಯಂ, ನಿಯೋಬಿಯಂ ಹರಳುಗಳಿವೆ. ಇದು 60ಕ್ಕಿಂತ ಮೇಲಿನ ಗಡಸಿಗೂ ಹೋಗುತ್ತದೆ, ಹಾಗಾಗಿ ಅಂಚು ಮಡಚಿಕೊಳ್ಳುವ ತೊಂದರೆ ಇಲ್ಲ. ಕೋಬಾಲ್ಟ್ ಅಲಗಿಗೆ ಮಾತ್ರ ಸಾಧ್ಯ ಅಂತ ಇದ್ದ ಕೆಲಸದ ಬಹುಪಾಲನ್ನು ಇವು ಕಮ್ಮಿ ಬೆಲೆಗೆ ಮಾಡುತ್ತವೆ.

ಹಾಗಾದರೆ ಈಗ ಯಾರಿಗೆ ಬೇಕು ಇದು? ನನ್ನ ಲೆಕ್ಕದಲ್ಲಿ ಸಮುದ್ರದ ಮೇಲೆ ಹಗ್ಗ, ಬಲೆ ಕೊಯ್ಯುವವರಿಗೆ, ಅದರಲ್ಲೂ ಚಾಕುವಿನ ಆರೈಕೆಗೆ ಸಮಯ ಇಲ್ಲದವರಿಗೆ. ನೀರಿನಡಿ ಈಜುವವರಿಗೆ. ಅಯಸ್ಕಾಂತಕ್ಕೆ ಸಿಗಬಾರದ ಅಲಗು ಬೇಕಾದವರಿಗೆ. ಆಮೇಲೆ, ಲೋಹಗಳ ಮೇಲೆ ಪ್ರೀತಿ ಇದ್ದು ಕೈಯಲ್ಲಿ ದುಡ್ಡೂ ಇದ್ದವರಿಗೆ. ಕಾಡಿಗೆ ಹೋಗಿ ಕಟ್ಟಿಗೆ ಕಡಿಯುವವರಿಗೆ ಬೇಡ. ದಿನದ ಅಡುಗೆಗೂ ಬೇಡ, ಮೊದಲೇ ಹೇಳಿದ ಹಾಗೆ.

ಕೊಳ್ಳುವುದೇ ಆದರೆ ಡಬ್ಬಿಯ ಮೇಲಿನ ಅಕ್ಷರ ನಂಬಬೇಡಿ, ಮಿಶ್ರಲೋಹದ ಪೂರ್ತಿ ಹೆಸರು ಕೇಳಿ. ಸ್ಟೆಲೈಟ್ 6ಬಿ, 6ಕೆ, ಟ್ಯಾಲೊನೈಟ್ ಅಥವಾ ಎರಕದ ಕೋಬಾಲ್ಟ್ ಅಂದರೆ ಸರಿ. ಸುಮ್ನೆ 'ಕೋಬಾಲ್ಟ್ ಸ್ಟೀಲ್' ಅಂದರೆ ಅದು ಉಕ್ಕು. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಲಗಿಗೆ ಗಟ್ಟಿಯಾಗಿ ಅಂಟಿದರೆ ಅಲ್ಲಿಗೆ ಮಾತು ಮುಗಿಯಿತು, ಅದು ಕೋಬಾಲ್ಟ್ ಅಲಗಲ್ಲ. ಅಂಟದಿದ್ದರೂ ಪೂರ್ತಿ ನಂಬುವಂತಿಲ್ಲ, ಟೈಟಾನಿಯಂ ಮತ್ತು ಕೆಲವು ಜಾತಿಯ ಸ್ಟೇನ್‌ಲೆಸ್ ಕೂಡ ಅಂಟುವುದಿಲ್ಲ. ಆಗ ತೂಕ ನೋಡಿ. ಟೈಟಾನಿಯಂ ಕೈಗೆ ಹಗುರ, ಗೊತ್ತಾಗಿಬಿಡುತ್ತದೆ. ಕೋಬಾಲ್ಟ್ ಮಿಶ್ರಲೋಹ ಘನ ಸೆಂಟಿಮೀಟರಿಗೆ ಸುಮಾರು 8.4 ಗ್ರಾಂ, ಉಕ್ಕು 7.8ರ ಹತ್ತಿರ. ಈ ಸಣ್ಣ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ, ಬಿಡಿ ಅಲಗಾಗಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಒಂದು ಲೋಟ ನೀರಿನಲ್ಲಿ ಲೆಕ್ಕ ಹಾಕಬಹುದು. ಅಂಗಡಿಯವನು ಅದಕ್ಕೆ ಒಪ್ಪುತ್ತಾನೋ ಇಲ್ಲವೋ, ಅದು ಬೇರೆ ಮಾತು.